ನಮ್ಮ ಮನೆಗೆ ಒಗ್ಗದ ಬಡತನ

ಹೊಟ್ಟೆಕಿಚ್ಚಿಗೂ ಒಂದು ಸರಹದ್ದು ಇರುತ್ತದೆ. ನನ್ನದು ನಮ್ಮ ಕಾಂಪೌಂಡ್ ಗೋಡೆಯ ಆಚೆ ಶುರುವಾಗಿ ಬಾಜೂ ಮನೆಯ ಹಿತ್ತಿಲಲ್ಲಿ ಮುಗಿದುಹೋಗುತ್ತದೆ. ದೊಡ್ಡ ಶ್ರೀಮಂತರು ಮಗನ ಮದುವೆಗೆ ವಿಮಾನ ಕಟ್ಟಿಸಿದರೂ ನಾನು ಮೊಬೈಲಿನಲ್ಲಿ ನೋಡಿ ಸಂತೋಷಪಡುವವನು. ಆದರೆ ಬಾಜೂ ಮನೆಯ ಸಂಗಣ್ಣನ ನಳಕ್ಕೆ ನಮ್ಮ ನಳಕ್ಕಿಂತ ತುಸು ಜೋರಾಗಿ ನೀರು ಬಂದರೆ ಆ ದಿನ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಅಥಣಿ ರಸ್ತೆಯ ಲೇಔಟಿನಲ್ಲಿ ನಾವಿಬ್ಬರೂ ಅಕ್ಕಪಕ್ಕದವರು. ನಾನು ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ಅವನು ಗಾಂಧಿ ಚೌಕದ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಹರವಿ ತೋರಿಸುವ ಕೆಲಸದವನು. ಅವನ ಮೇಲೆ ಹೊಟ್ಟೆಕಿಚ್ಚು ಪಡಲು ನನಗೆ ಕಾರಣವೇ ಇಲ್ಲ ಎಂದು ನನ್ನ ಹೆಂಡತಿ ಗಂಗಾ ಹೇಳುತ್ತಾಳೆ. ಕಾರಣ ಹುಡುಕಿಕೊಂಡು ಹೊಟ್ಟೆ ಉರಿಯುತ್ತದೆಯೇ?

ಈ ವರ್ಷ ನನ್ನ ಮಗಳು ಸಹನಾ, ಅವನ ಮಗಳು ಭಾಗ್ಯ ಇಬ್ಬರೂ ಒಂದನೇ ಇಯತ್ತೆಗೆ ಬಂದರು. ಇಬ್ಬರ ತಾಯಂದಿರೂ ಒಂದೇ ಖಾಸಗಿ ಇಂಗ್ಲಿಷ್ ಶಾಲೆಯ ಮೇಲೆ ಕಣ್ಣಿಟ್ಟರು. ಫೀ ಕೇಳಿ ಇಬ್ಬರು ಅಪ್ಪಂದಿರಿಗೂ ಒಟ್ಟಿಗೇ ತಲೆ ತಿರುಗಿತು. ಆ ಶಾಲೆಯ ಟ್ರಸ್ಟಿನವರು ಕೈ ಸಾಗದ ಕೆಲವು ಮನೆಗಳಿಗೆ ಅರ್ಧ ಫೀ ತಾವೇ ಕೊಡುತ್ತಾರೆಂದು ತಿಳಿದು ಇಬ್ಬರೂ ಅರ್ಜಿ ಹಾಕಿದೆವು. ನನಗೆ ಅದು ಸಿಗದಿದ್ದರೆ ಉಳಿದ ದಾರಿ ಒಂದೇ, ಘೋಣಸಗಿಯ ನನ್ನ ಮಾವ. ದ್ರಾಕ್ಷಿ ತೋಟದ ಮಾವನ ಕೈ ದೊಡ್ಡದು, ಕೊಟ್ಟದ್ದನ್ನು ಊರಿಗೆಲ್ಲ ಹೇಳುವ ಬಾಯಿ ಅದಕ್ಕಿಂತ ದೊಡ್ಡದು. ಮದುವೆಯಲ್ಲಿ ಕೊಟ್ಟ ಮಿಕ್ಸರಿನ ಆರೋಗ್ಯವನ್ನು ಅವರು ಇವತ್ತಿಗೂ ನನ್ನ ಆರೋಗ್ಯಕ್ಕಿಂತ ಮೊದಲು ವಿಚಾರಿಸುತ್ತಾರೆ. ಇನ್ನು ಮೊಮ್ಮಗಳ ಫೀ ಕೊಟ್ಟರೆ ನಾನು ಆ ಊರಿಗೆ ಕಾಲಿಡುವುದು ಹೇಗೆ?

ಟ್ರಸ್ಟಿನವರು ಸಹಾಯ ಮಾಡುವ ಮೊದಲು ಅರ್ಜಿ ಹಾಕಿದವರ ಮನೆ ನೋಡಲು ಬರುತ್ತಾರಂತೆ. ಹೆಣ್ಣು ನೋಡಲು ಬರುವವರಿಗೆ ಇಲ್ಲದ್ದನ್ನೂ ತಂದು ತೋರಿಸುವ ಜನ ನಾವು. ಇವರಿಗೆ ಇದ್ದದ್ದನ್ನೇ ಮುಚ್ಚಿಡಬೇಕು. ಬರುವ ದಿನ ಬೆಳಿಗ್ಗೆ ನಾನು ಸೋಫಾ ಮತ್ತು ಟಿ.ವಿ.ಯನ್ನು ಸಂಗಣ್ಣನ ಮನೆಗೆ ಸಾಗಿಸಿದೆ. "ಮನಿಗಿ ಸುಣ್ಣ ಹಚ್ಚಸಬೇಕಾಗ್ಯದ, ಒಂದ ದಿನ ಇಟ್ಕೋ" ಎಂದೆ. ನಮ್ಮ ಮನೆ ಬಡವಾಗುತ್ತದೆ, ಅವನ ಮನೆ ಸಾಹುಕಾರನದಾಗುತ್ತದೆ, ಒಂದೇ ಕಲ್ಲಿಗೆ ಎರಡು ಹಕ್ಕಿ. ಅವನು ಪಾಪ, ಸೋಫಾದ ಭಾರದ ಕಡೆ ತಾನೇ ಹಿಡಿದ.

"ನಿಮಗ ನಾಚಿಕಿ ಇಲ್ಲೇನ್ರಿ?" ಎಂದಳು ಗಂಗಾ.

"ಫೀ ಕಟ್ಟೂತನಕ ಇಲ್ಲ" ಎಂದೆ.

ಮಧ್ಯಾಹ್ನ ಬಂದವರು ಬಬಲೇಶ್ವರದ ನಿವೃತ್ತ ಮಾಸ್ತರು ಮುಲ್ಲಾ ಸರ್ ಮತ್ತು ಒಬ್ಬ ಮೇಡಂ. ನಾನು ಹರಕು ಬನಿಯನ್ನಿನಲ್ಲಿ ಬಾಗಿಲು ತೆರೆದು, ಬರಿದಾದ ಪಡಸಾಲೆಯನ್ನು ಕೈಯಿಂದ ತೋರಿಸಿ, "ನೆಲದ ಮ್ಯಾಲೇ ಕುಂದರಬೇಕ್ರಿ ಸರ" ಎಂದು ದನಿ ಕುಗ್ಗಿಸಿದೆ. ಮುಲ್ಲಾ ಸರ್ ಮೊಣಕಾಲು ಹಿಡಿದುಕೊಂಡು ಬಗ್ಗತೊಡಗಿದರು. ಎಲ್ಲವೂ ಅಂದುಕೊಂಡಂತೆಯೇ ನಡೆಯುತ್ತಿತ್ತು.

ಅಷ್ಟರಲ್ಲಿ ಹೊರಗೆ ದಡಬಡ ಸದ್ದು. ನೋಡಿದರೆ ಸಂಗಣ್ಣ ಮತ್ತು ಅವನ ಹೆಂಡತಿ ಶಾಂತಾ ನಮ್ಮ ಸೋಫಾ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದಾರೆ!

"ಹಿರ್ಯಾರು ಮನಿಗಿ ಬಂದಾರ, ನೆಲಕ್ಕ ಕುಂದ್ರಸ್ತೀರೇನ್ರಿ ಸರ? ಓಣಿ ಮರ್ಯಾದಿ ಏನಾಗಬೇಕು? ಸುಣ್ಣ ನಾಳೆ ಹಚ್ಚಸ್ರಿ" ಎಂದವನೇ ಸೋಫಾ ಇಳಿಸಿದ. "ಟಿ.ವಿ.ನೂ ತರ್ತೀನಿ ತಡೀರಿ" ಎಂದು ಮತ್ತೆ ಓಡಿದ.

ಸೋಫಾ ಬಂದದ್ದೇ ತಡ, ಬೆಳಗಿನಿಂದ ಉಸಿರು ಬಿಗಿಹಿಡಿದಿದ್ದ ಗಂಗಾಳ ತಾಳ್ಮೆಯ ಕಟ್ಟೆ ಒಡೆಯಿತು. "ಊಟದ ಹೊತ್ತಿನ್ಯಾಗ ಬಂದೋರನ್ನ ಹಂಗ ಕಳಸಾಕ ನಾವೇನು ಮನಷ್ಯಾರಲ್ಲೇನ್ರಿ?" ಎಂದು ಒಳಗೆ ಹೋದವಳು ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ, ಅದರ ಮೇಲೆ ಹರಿಯುವಷ್ಟು ತುಪ್ಪ ತಂದಿಟ್ಟಳು. ಕೊನೆಗೆ ತವರಿನ ಒಣದ್ರಾಕ್ಷಿಯನ್ನು ಮುಲ್ಲಾ ಸರ್ ಅವರ ಚೀಲಕ್ಕೇ ಸುರಿದಳು. ನಾನು ಬನಿಯನ್ನಿನ ತೂತನ್ನು ಬೆರಳಿನಿಂದ ಹಿಗ್ಗಿಸುತ್ತ ಕುಳಿತಿದ್ದೆ. ಅದನ್ನು ಯಾರೂ ನೋಡಲಿಲ್ಲ.

ಅರ್ಧ ಫೀ ಸಂಗಣ್ಣನಿಗೆ ಸಿಕ್ಕಿತು. ಅವನು ಪೇಢೆ ತಂದುಕೊಟ್ಟ. ತಿಂದೆ, ಆದರೆ ಹಾಗಲಕಾಯಿ ತಿಂದಂತಾಯಿತು. ಅವನ ಬಡತನ ನನ್ನದಕ್ಕಿಂತ ಚೆಂದ ಇತ್ತೇ? ನಾನು ಇಷ್ಟು ಕಷ್ಟಪಟ್ಟು ಹೊಂದಿಸಿದ್ದು ಅವನಿಗೆ ಹುಟ್ಟಿನಿಂದ ಪುಕ್ಕಟೆ ಬಂದಿತ್ತಲ್ಲ ಎಂದು ವಾರಗಟ್ಟಲೆ ಕುದ್ದೆ. ಕಡೆಗೆ ತಿಕೋಟಾ ಹಾದು ಘೋಣಸಗಿಗೆ ಹೋಗಿ ಮಾವನ ಮುಂದೆ ನಿಂತೆ. ಅವರು ಫೀ ಕೊಟ್ಟರು. ಸಂಜೆಯೊಳಗೆ ಊರ ಕಟ್ಟೆಯ ಮೇಲೆ ಕುಳಿತವರೆಲ್ಲ ನನಗೆ ಅಭಿನಂದನೆ ಹೇಳಿದರು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಶಾಲೆ ಶುರುವಾದ ಮೇಲೆ ಮುಲ್ಲಾ ಸರ್ ಮತ್ತೆ ಬಂದರು. ಸೋಫಾದ ಮೇಲೆ ಆರಾಮಾಗಿ ಕುಳಿತು, "ಇಷ್ಟು ಮನಿ ತಿರಗೀನ್ರಿ, ನಿಮ್ಮಂಥಾ ಕೊಡೂ ಕೈ ಎಲ್ಲೂ ನೋಡಲಿಲ್ಲ. ಒಂದ ಬಡ ಕೂಸಿನ ಫೀದಾಗ ನಿಮ್ಮದೂ ಒಂದೀಟು ಪಾಲು ಇರಲಿ ಅಂತ ಕೇಳಾಕ ಬಂದೀನಿ" ಎಂದರು. ನಾನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯಿಂದ ಗಂಗಾ, "ಅದಕ್ಯಾಕ ಕೇಳ್ತೀರಿ ಸರ, ಕೊಡ್ತಾರ" ಎಂದುಬಿಟ್ಟಳು. ತಿಂಗಳಿಗಿಷ್ಟು ಎಂದು ಈಗ ಕೊಡುತ್ತಿದ್ದೇನೆ.

ಯಾವ ಕೂಸಿಗೆ ಎಂದು ಟ್ರಸ್ಟಿನವರು ಹೇಳುವುದಿಲ್ಲ. ನಾನು ಮಾತ್ರ ಅದು ಭಾಗ್ಯಳಿಗೇ ಎಂದು ತೀರ್ಮಾನ ಮಾಡಿಬಿಟ್ಟಿದ್ದೇನೆ. ಅವಳಿಗೆ ಸಹನಾಳಿಗಿಂತ ಹೆಚ್ಚು ಅಂಕ ಬಂದರೆ ಹೊಟ್ಟೆ ಉರಿಯುತ್ತದೆ. ಕಡಿಮೆ ಬಂದರೆ ನನ್ನ ದುಡ್ಡು ನೀರಿಗೆ ಹೋಯಿತಲ್ಲ ಎಂದು ಇನ್ನೂ ಹೆಚ್ಚು ಉರಿಯುತ್ತದೆ. ಮೊನ್ನೆ ಸಂಜೆ ಗೋಡೆಯಾಚೆ ಅವಳು "ಎರಡೇಳ್ಲೆ ಹದಿನಾರು" ಎಂದು ಮಗ್ಗಿ ಹೇಳುತ್ತಿದ್ದಳು. ತಡೆಯಲಾಗಲಿಲ್ಲ. ಕಾಂಪೌಂಡಿನ ಮೇಲೆ ಕತ್ತು ಚಾಚಿ, "ಹದಿನಾಕ ಯವ್ವಾ, ಹದಿನಾಕು! ಮತ್ತೊಮ್ಮೆ ಹೇಳು" ಎಂದು, ಅವಳು ಇಡೀ ಮಗ್ಗಿ ಸರಿಯಾಗಿ ಒಪ್ಪಿಸುವ ತನಕ ಅಲ್ಲೇ ನಿಂತೆ.

ತಿರುಗಿದರೆ ಸಹನಾ ನನ್ನ ಹಿಂದೆಯೇ ನಿಂತಿದ್ದಳು. "ಅಪ್ಪಾ, ಅಕಿಗಷ್ಟ ಯಾಕ ಹೇಳಿಕೊಡ್ತಿ? ನನಗ್ಯಾಕ ಹೇಳಿಕೊಡಂಗಿಲ್ಲ?" ಎಂದು ಗೋಡೆಯಾಚೆ ದುರುಗುಟ್ಟಿ ನೋಡಿದಳು. ನಾನು ಅವಳ ಮುಖವನ್ನೇ ನೋಡಿದೆ. ಮೂಗು ಅವಳ ತಾಯಿಯದು, ಹಣೆ ಘೋಣಸಗಿ ಮಾವನದು. ಆ ನೋಟ ಮಾತ್ರ ಅಪ್ಪಟ ನನ್ನದು.