ಡಬ್ಬಿಯ ಮರ್ಯಾದೆ

ಅಳಿಯಂದಿರು ಮೊದಲು ತಿಂದದ್ದು ಒಂದೇ ಒಂದು ಬಿಸ್ಕತ್ತು. ಅದೂ ಮೂಲೆ ಮುರಿದದ್ದು. ಮುರಿದದ್ದನ್ನು ಇನ್ನೊಬ್ಬರ ಮನೆಗೆ ಕಳಿಸುವುದು ಚೆನ್ನಾಗಿರುವುದಿಲ್ಲ ಎಂಬ ಒಳ್ಳೆಯ ಮನಸ್ಸಿನಿಂದಲೇ ತಿಂದರು.

ಅವರನ್ನು ಇಡೀ ಕಟ್ಟಡ ಅಳಿಯಂದಿರು ಎಂದೇ ಕರೆಯುತ್ತಿತ್ತು. ಮಾವನ ಮನೆಯಲ್ಲಿ ಸಂಸಾರ ಹೂಡಿದವರಿಗೆ ಬೇರೆ ಹೆಸರು ಯಾಕೆ ಎಂದು ನೆರೆಹೊರೆಯವರು ಎಂದೋ ತೀರ್ಮಾನಿಸಿಬಿಟ್ಟಿದ್ದರು. ಅವರಿಗೀಗ ತಲೆ ಅರ್ಧ ನರೆತಿದೆ. ತಾವು ಕೆಲಸ ಮಾಡುವ ಬಣ್ಣದಂಗಡಿಯಲ್ಲಿ ಗಿರಾಕಿ ತಂದ ಬಟ್ಟೆಚೂರಿನ ಬಣ್ಣವನ್ನೇ ಗೋಡೆಗೂ ಕಲಸಿ ಕೊಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೂ ಮೆಟ್ಟಿಲ ಮೇಲೆ ಸಿಕ್ಕವರು "ಏನ್ ಅಳಿಯಂದ್ರೇ" ಎಂದರೆ ಮೊನ್ನೆ ಮದುವೆಯಾದವರ ಹಾಗೆ ನಾಚಿಕೊಳ್ಳುತ್ತಾರೆ.

ಬಿಸ್ಕತ್ತು ಇದ್ದ ಡಬ್ಬಿ ಅವರದಲ್ಲ, ಮೇಲ್ಮನೆ ದೊಡ್ಡಮ್ಮನದು. ದೊಡ್ಡಮ್ಮ ಒದ್ದೆ ಹೊದಿಕೆಯನ್ನು ಹಿಂಡದೆ ಹರವಿ, ಅದರ ನೀರೆಲ್ಲ ಕೆಳಗೆ ಇವರ ಹೆಂಡತಿ ಒಣಹಾಕಿದ್ದ ಬಟ್ಟೆಯ ಮೇಲೆ ತೊಟ್ಟಿಕ್ಕಿದ ದಿನದಿಂದ ಎರಡೂ ಮನೆಗಳ ನಡುವೆ ಮಾತು ನಿಂತಿತ್ತು. ಮೆಟ್ಟಿಲಲ್ಲಿ ಎದುರಾದರೆ ಒಬ್ಬರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು, ಇನ್ನೊಬ್ಬರಿಗೆ ಮಂಡಿನೋವು. ನಡುವೆ ಸಿಕ್ಕಿ ಒದ್ದಾಡಿದವರು ಅಳಿಯಂದಿರು. ಮೇಲ್ಮನೆಯಲ್ಲಿ ಕುರ್ಚಿ ಎಳೆದ ಸದ್ದಾದರೂ ಹೆಂಡತಿ ಅವರನ್ನೇ ದುರುಗುಟ್ಟಿ ನೋಡುತ್ತಿದ್ದಳು. ಹೀಗಿರುವಾಗ ಕಳೆದ ವಾರ ದೊಡ್ಡಮ್ಮ ತಾವೇ ಇಳಿದು ಬಂದು, "ನನ್ನ ಕೈಯಾರೆ ಮಾಡಿದ್ದು ಕಣಮ್ಮ, ರುಚಿ ನೋಡು" ಎಂದು ಈ ಡಬ್ಬಿ ತುಂಬ ಬಿಸ್ಕತ್ತು ಕೊಟ್ಟಿದ್ದರು. ಅಳಿಯಂದಿರಿಗೆ ಹೋದ ಜೀವ ಬಂದಂತಾಗಿತ್ತು.

ಇನ್ನೊಬ್ಬರ ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದು, ಅಂಗಡಿಯದನ್ನು ತುಂಬಿ ಕೊಡುವುದಂತೂ ಕೂಡದು ಎಂಬುದು ಅತ್ತೆಯವರ ಕಾಲದಿಂದ ಆ ಕಟ್ಟಡದಲ್ಲಿದ್ದ ಕಟ್ಟಳೆ. ಕಾಲ ಬದಲಾಗಿದೆ. ಈಗ ಫೋನು ಒತ್ತಿದರೆ ಊಟವೇ ಬಾಗಿಲು ತಟ್ಟುತ್ತದೆ, ಅರ್ಧ ಮನೆಗಳಲ್ಲಿ ಒಲೆ ಹತ್ತುವುದು ನೀರು ಕಾಯಿಸುವುದಕ್ಕೆ ಮಾತ್ರ. ಅಡುಗೆ ಬಿಟ್ಟ ಜನ ಈ ಡಬ್ಬಿಯ ಕಟ್ಟಳೆಯನ್ನು ಮಾತ್ರ ಬಿಟ್ಟಿರಲಿಲ್ಲ.

ಆ ಭಾನುವಾರ ಅಕ್ಕನ ಮನೆಗೆ ಹೊರಟ ಹೆಂಡತಿ ಚಪ್ಪಲಿ ಮೆಟ್ಟುತ್ತಲೇ ಹೇಳಿದಳು. "ರೀ, ಡಬ್ಬಿ ತುಂಬಿ ಇಟ್ಟಿದೀನಿ. ದೊಡ್ಡಮ್ಮ ಮಧ್ಯಾಹ್ನ ಮಲಗಿ ಎದ್ದ ಮೇಲೆ ಕೊಟ್ಟು ಬನ್ನಿ. ನಾನೇ ಮಾಡಿದ್ದು ಅಂತ ಬಾಯಿ ಬಿಟ್ಟು ಹೇಳಿ. ಮತ್ತೆ ಮಾತು ಕೆಟ್ಟರೆ ನಾನಂತೂ ಈ ಜನ್ಮದಲ್ಲಿ ಆ ಮೆಟ್ಟಿಲು ಹತ್ತಲ್ಲ."

ಅವಳು ಹೋದ ಮೇಲೆ ಅಳಿಯಂದಿರು ಡಬ್ಬಿ ತೆರೆದರು. ಬಿಸ್ಕತ್ತುಗಳು ಒಂದರಂತೆ ಒಂದಿರಲಿಲ್ಲ. ಒಂದು ಸೊಟ್ಟ, ಒಂದು ಮೊಟಕು. ಕೈಯಲ್ಲಿ ಮಾಡಿದ್ದರ ಚೆಲುವೇ ಬೇರೆ ಎಂದು ಮನಸ್ಸು ಕರಗಿ, ಮುರಿದದ್ದನ್ನು ಬಾಯಿಗೆ ಹಾಕಿಕೊಂಡರು. ಹೆಂಡತಿಯ ಕೈಯಲ್ಲಿ ಇಂಥ ರುಚಿ ಇದ್ದದ್ದು ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲವಲ್ಲ ಎಂದು ನಿಜವಾಗಿಯೂ ದುಃಖವಾಯಿತು. ಆ ದುಃಖದಲ್ಲಿ ಇನ್ನೂ ಕೆಲವು ಹೋದವು.

ಮಿಕ್ಕದ್ದನ್ನು ಕೆಳಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ನೋಡಿಕೊಂಡರು. ಪೇಪರು ಕೇಳುವ ನೆಪದಲ್ಲಿ ಬಂದು ಕೂತವರು, ಮಾತಿನ ನಡುವೆ ಕೈಚಾಚಿದರು. "ಒಂದೇ ಒಂದು, ಸಕ್ಕರೆ ಕಾಯಿಲೆ ನೋಡಿ" ಎಂದರು. ಹೀಗೆ ಹೇಳುವವರನ್ನು ತಡೆಯುವುದಾದರೂ ಹೇಗೆ? ಇಂದಿನವರಿಗೆ ಪಕ್ಕದ ಮನೆಯವರ ಮುಖವೂ ಗೊತ್ತಿಲ್ಲ, ನಮ್ಮ ಕಾಲದಲ್ಲಿ ಹಾಗಿತ್ತೇ ಎಂದು ಅವರು ವಿವರಿಸಿ ಮುಗಿಸುವ ಹೊತ್ತಿಗೆ ಡಬ್ಬಿಯಲ್ಲಿ ಒಂದೇ ಬಿಸ್ಕತ್ತು ಉಳಿದಿತ್ತು.

ಅವರು ಎದ್ದು ಹೋದದ್ದೇ ತಡ, ಅಳಿಯಂದಿರು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು.

ಉಳಿದಿದ್ದ ಬಿಸ್ಕತ್ತನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟರು. ಬೀದಿಯ ಕೊನೆಯಲ್ಲೇ ಬೇಕರಿ ಇತ್ತು, ಆದರೆ ಅಲ್ಲಿ ಯಾರಾದರೂ ನೋಡಿದರೆ ಕತೆ ಮುಗಿಯಿತು. ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ, ಸೇತುವೆ ದಾಟಿ, ಗುರುತಿನವರು ಯಾರೂ ಕಾಲಿಡದ ಒಂದು ಬೇಕರಿಗೆ ಹೋದರು. ಅಲ್ಲಿ ತಟ್ಟೆತಟ್ಟೆಯ ಪಕ್ಕದಲ್ಲೂ ತಮ್ಮ ಬಿಸ್ಕತ್ತನ್ನು ಹಿಡಿದು, ಬೆಳಕಿಗೆ ಓರೆಮಾಡಿ ನೋಡಿದರು.

"ತಿನ್ನೋಕಾ ಸ್ವಾಮಿ, ಗೋಡೆಗಾ?" ಎಂದು ಬೇಕರಿಯವನು ಕೇಳಿದ.

ಅಳಿಯಂದಿರು ಮುಂದಿನ ತಟ್ಟೆಗೆ ಸರಿದರು. ಮೂರನೆಯ ತಟ್ಟೆಯಲ್ಲಿ ಬಣ್ಣ ಕೂಡಿಬಂದಿತ್ತು. ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ. ರುಚಿಯೂ ಅದೇ. ಇಡೀ ಊರಿನಲ್ಲಿ ಇಂಥ ಜೋಡಿ ಹುಡುಕಬಲ್ಲ ಕಣ್ಣು ತನ್ನದೊಂದೇ ಎಂದು ಎದೆಯುಬ್ಬಿಸಿ, ಡಬ್ಬಿ ತುಂಬಿಸಿಕೊಂಡು ಬಂದರು.

ಮೆಟ್ಟಿಲ ಬುಡದಲ್ಲೇ ಪೋಸ್ಟ್‌ಮಾಸ್ಟರು ನಿಂತಿದ್ದರು. "ಮೇಲಕ್ಕೆ ಹೊರಟ್ರಾ? ನಡೀರಿ, ನಾನೂ ಬರ್ತೀನಿ. ದೊಡ್ಡಮ್ಮನ್ನ ಮಾತಾಡಿಸಿ ಬಹಳ ದಿನ ಆಯ್ತು."

ಬೇಡ ಎನ್ನಲು ಕಾರಣ ಹುಡುಕುವಷ್ಟರಲ್ಲಿ ಅವರು ಅರ್ಧ ಮೆಟ್ಟಿಲು ಹತ್ತಿಯಾಗಿತ್ತು.

ದೊಡ್ಡಮ್ಮ ಬಾಗಿಲು ತೆರೆದು, ಡಬ್ಬಿ ನೋಡಿ, ಮುಖ ಅರಳಿಸಿದರು. "ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ. ನಿಮ್ಮನೆಯವಳು ಮಾಡಿದ್ದಾ?"

"ಹೂಂ ದೊಡ್ಡಮ್ಮ. ಕೈಯಾರೆ."

ದೊಡ್ಡಮ್ಮ ಒಂದನ್ನು ತೆಗೆದು, ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಇನ್ನೊಂದನ್ನು ತೆಗೆದು ಅದರ ಮೇಲಿಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅರಳಿದ್ದ ಮುಖ ಮೆಲ್ಲಗೆ ಬಾಡಿತು.

"ಇದು ಸೇತುವೆ ಆಚೆ ಬೇಕರಿದು" ಎಂದರು. "ಮಾಡೋಕೆ ಪುರುಸೊತ್ತಿಲ್ಲ ಅಂದಿದ್ರೆ ಆಗ್ತಿತ್ತು. ಅಂಗಡಿದು ತುಂಬಿಸಿ, ಕೈಯಾರೆ ಮಾಡಿದ್ದು ಅಂತ ಸುಳ್ಳು ಬೇರೆ. ನಾನು ಅಷ್ಟು ಹಗುರ ಆದೆನಾ ಅವಳಿಗೆ?"

"ಬೆಳಗ್ಗೆ ತಿಂದಾಗ ಇವು ಸೊಟ್ಟಗಿದ್ವಲ್ಲ ಅಳಿಯಂದ್ರೇ" ಎಂದು ಪೋಸ್ಟ್‌ಮಾಸ್ಟರು ಇಣುಕಿ ನೋಡಿದರು.

ಅಳಿಯಂದಿರಿಗೆ ಮತ್ತೆ ಆ ಮೌನ, ಆ ದುರುಗುಟ್ಟುವ ಕಣ್ಣು ಎಲ್ಲ ಒಮ್ಮೆಲೇ ಎದುರಿಗೆ ಬಂದವು. ತನ್ನ ಬಾಯಿಚಪಲಕ್ಕೆ ಹೆಂಡತಿ ಯಾಕೆ ಮಾತು ಕೇಳಬೇಕು?

"ಅವಳದೇನೂ ತಪ್ಪಿಲ್ಲ ದೊಡ್ಡಮ್ಮ" ಎಂದು ಶುರುಮಾಡಿದವರು ಎಲ್ಲವನ್ನೂ ಹೇಳಿಬಿಟ್ಟರು. ಮುರಿದ ಮೂಲೆಯನ್ನು ಹೇಳಿದರು, ಸಕ್ಕರೆ ಕಾಯಿಲೆಯನ್ನು ಹೇಳಿದರು, ಕರವಸ್ತ್ರದ ಗಂಟನ್ನು ಬಿಚ್ಚಿಯೇ ತೋರಿಸಿದರು. ಮಾತು ಬಂದ ಭರದಲ್ಲಿ ಒಂದೆರಡು ಹೆಚ್ಚಿಗೆಯೂ ಬಂದವು. "ರಾತ್ರಿಯೆಲ್ಲ ಒಲೆ ಮುಂದೆ ನಿಂತು ಮಾಡಿದ್ಲು. ನಿಮಗೆ ಕೊಡೋದು ಅಂತ ಒಂದೊಂದನ್ನೂ ಕೈಯಲ್ಲಿ ತಟ್ಟಿದ್ಲು. ತಿಂದವನು ನಾನು. ಬೈಯೋದಿದ್ರೆ ನನ್ನ ಬೈಯಿರಿ."

ದೊಡ್ಡಮ್ಮ ಆ ಸೊಟ್ಟ ಬಿಸ್ಕತ್ತನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹೋಗಲಿ ಬಿಡಿ. ಹೆಂಡತಿ ಕೈರುಚಿಗೆ ಸೋತ ಗಂಡಸನ್ನ ಬೈದರೆ ಪಾಪ ಬರುತ್ತೆ."

ಅಳಿಯಂದಿರು ಮೆಟ್ಟಿಲನ್ನು ಹಾರುತ್ತ ಇಳಿದರು. ಸಂಜೆ ಹೆಂಡತಿ ಬಂದಾಗ ಕಾಫಿ ಮಾಡಿಕೊಟ್ಟು, ನಡೆದದ್ದನ್ನು ಬಣ್ಣಕಟ್ಟಿ ಹೇಳಿ, ಕೊನೆಗೆ, "ನಿಜ ಹೇಳಿದ್ದಕ್ಕೆ ಎಲ್ಲ ಸರಿಹೋಯ್ತು ನೋಡು" ಎಂದರು.

ಹೆಂಡತಿ ಕಾಫಿ ಲೋಟವನ್ನು ಕೆಳಗಿಟ್ಟಳು. "ಏನು ಹೇಳಿದ್ರಿ ನೀವು?"

"ನೀನು ರಾತ್ರಿಯೆಲ್ಲ ಒಲೆ ಮುಂದೆ ನಿಂತು..."

"ರಾತ್ರಿಯೆಲ್ಲ ನಾನು ಗೊರಕೆ ಹೊಡೀತಿದ್ದೆ ರೀ. ಪಕ್ಕದಲ್ಲೇ ಮಲಗಿದ್ದು ನಿಮಗೆ ಗೊತ್ತಿಲ್ವಾ? ನಾನು ಡಬ್ಬಿಗೆ ತುಂಬಿದ್ದೂ ಸೇತುವೆ ಆಚೆ ಬೇಕರಿದೇ. ಒಂದೇ ಥರ ಇದ್ರೆ ಗೊತ್ತಾಗುತ್ತೆ ಅಂತ ಕೂತ್ಕೊಂಡು ಒಂದೊಂದರ ಅಂಚನ್ನೂ ಚಾಕುವಲ್ಲಿ ಕೆರೆದಿದ್ದೆ. ಬೆರಳು ನೋವು ಇನ್ನೂ ಹೋಗಿಲ್ಲ."

ಅಳಿಯಂದಿರು ಅವಳ ಬೆರಳನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಹಾಗಾದ್ರೆ ದೊಡ್ಡಮ್ಮ ಅಷ್ಟು ಬೇಗ ಹೇಗೆ ಗುರುತು ಹಿಡಿದ್ರು?" ಎಂದರು.

"ಹೇಗೆ ಅಂದ್ರೆ? ಹೋದ ವಾರ ಅವರು ಕೊಟ್ಟಿದ್ದೂ ಅಲ್ಲಿಂದಲೇ. ಅವರಿಗೆ ಕೆರೆಯೋ ಸಹನೆ ಇಲ್ಲ, ಮೇಲೆ ಸಕ್ಕರೆ ಉದುರಿಸ್ತಾರೆ, ಅಷ್ಟೇ."

"ಹಾಗಿದ್ರೆ ಇಬ್ಬರೂ ನಿಜ ಹೇಳ್ಕೊಂಡುಬಿಡಿ."

"ಮೊದಲು ಹೇಳೋರು ಯಾರು?"

ಅಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ದೊಡ್ಡಮ್ಮನ ದನಿ ಬಂತು. ಅಷ್ಟು ಸಲಿಗೆಯ ದನಿಯನ್ನು ಆ ಮನೆ ಕೇಳಿ ಬಹಳ ಕಾಲವಾಗಿತ್ತು. "ಬಂದೆಯೇನೇ ಮಗಳೇ? ನಿನ್ನ ಗಂಡ ಎಲ್ಲ ಹೇಳಿದ್ರು. ನಾಳೆ ಬೆಳಗ್ಗೆ ನಿನ್ನ ಅಡುಗೆಮನೆಗೇ ಬರ್ತೀನಿ, ಮಾಡೋದನ್ನ ಕಲಿಸಿಕೊಡು. ಪೋಸ್ಟ್‌ಮಾಸ್ಟರ ಮನೆಯವರೂ ಬರ್ತಾರಂತೆ."

"ಅಯ್ಯೋ, ಬನ್ನಿ ದೊಡ್ಡಮ್ಮ" ಎಂದು ಹೆಂಡತಿ ಜೇನು ಸುರಿಸಿ, ಕಿಟಕಿ ಮುಚ್ಚಿ, ಗಂಡನ ಕಡೆ ತಿರುಗಿದಳು.

"ಹೋಗಿ ಮಲಗಿ."

"ಇನ್ನೂ ಕತ್ತಲೂ ಆಗಿಲ್ಲವಲ್ಲ."

"ನಿಮಗೆ ಹುಷಾರಿಲ್ಲ. ಗಂಡ ಹಾಸಿಗೆ ಹಿಡಿದಿರುವಾಗ ಯಾರೂ ಬಿಸ್ಕತ್ತು ಕಲಿಸು ಅಂತ ಬರಲ್ಲ."

"ಎಷ್ಟು ದಿನ ಹುಷಾರಿಲ್ಲ?"

"ನನಗೆ ಬಿಸ್ಕತ್ತು ಮಾಡೋಕೆ ಬರೋವರೆಗೂ."

ಅಳಿಯಂದಿರು ಎದ್ದು, ಹಾಸಿಗೆ ಬಿಡಿಸಿ, ಹೊದಿಕೆಯನ್ನು ಗಂಟಲವರೆಗೆ ಎಳೆದುಕೊಂಡರು. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬ ಕೆಳಗಿಳಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಮನೆ ತುಂಬಿತು. ಅಂಜುತ್ತಲೇ ಕೂಗಿ ಕೇಳಿದರು. "ಅಲ್ವೇ, ಕಲಿಯೋವಾಗ ಕೆಡೋದನ್ನೆಲ್ಲ ಏನು ಮಾಡ್ತೀಯ?"

ಹೆಂಡತಿ ಕಪ್ಪಗಾದ ತಟ್ಟೆಯನ್ನು ತಂದು ಅವರ ದಿಂಬಿನ ಪಕ್ಕದಲ್ಲಿಟ್ಟಳು.

"ನೀವೇ ತಿನ್ನಿ. ಆಗ ಹುಷಾರಿಲ್ಲ ಅನ್ನೋದು ಸುಳ್ಳೂ ಆಗಲ್ಲ."