ಸೊಗಡು ಬರುವವರೆಗೂ ಬಳ್ಳಿ ಕೀಳುವುದಿಲ್ಲ

ನಮ್ಮ ಭಾವ ಕಳ್ಳ. ಅಕ್ಕನ ಗಂಡನನ್ನು ಹೀಗೆಲ್ಲ ಬರೆಯಬಹುದೇ ಎಂದು ಹುಬ್ಬೇರಿಸಬೇಡಿ. ಅಕ್ಕನ ಎದುರಿಗೇ ನೂರು ಸಲ ಹೇಳಿದ್ದೇನೆ. ಅವಳು ಬೇಜಾರು ಮಾಡಿಕೊಳ್ಳುವುದಿಲ್ಲ. "ಏನು ಕದ್ರು ಅನ್ನೋದನ್ನೂ ಹೇಳೇ, ಜನ ಬ್ಯಾಂಕು ಅನ್ಕೊಂಡಾರು" ಎನ್ನುತ್ತಾಳೆ ಅಷ್ಟೆ.

ಭಾವ ಕದಿಯುವುದು ತರಗೆಲೆ! ಅಕ್ಟೋಬರ್ ಬಂತೆಂದರೆ ಅಮೆರಿಕದ ಸ್ಯಾನ್ ಹೊಸೆಯಲ್ಲಿ ಅವರ ಬೀದಿಯ ಜನ ಉದುರಿದ ಎಲೆ ಗುಡಿಸಿ ರಸ್ತೆಯಂಚಿಗೆ ಗುಡ್ಡೆ ಹಾಕುತ್ತಾರೆ. ಅದನ್ನು ಒಯ್ಯುವ ಲಾರಿಗಿಂತ ಮುಂಚೆ ನಮ್ಮ ಭಾವ ಹಾಜರ್. ಬೆಳಿಗ್ಗೆ ಮೀಟಿಂಗಿನಲ್ಲಿ ಹತ್ತಾರು ಎಂಜಿನಿಯರುಗಳಿಗೆ ಬುದ್ಧಿ ಹೇಳುವ ಮನುಷ್ಯ, ಸಂಜೆ ಎಲೆಕ್ಟ್ರಿಕ್ ಕಾರಿನ ಡಿಕ್ಕಿ ತೆರೆದು ಕಂಡವರ ಮನೆ ಕಸವನ್ನು ತಬ್ಬಿ ತಬ್ಬಿ ತುಂಬಿಕೊಳ್ಳುತ್ತಾರೆ. ಒಮ್ಮೆ ಎದುರು ಮನೆಯ ಅಮೆರಿಕನ್ ಅಜ್ಜಿ ಹೊರಗೆ ಬಂದು, "ಏನಾದರೂ ಕಳೆದುಕೊಂಡಿರಾ?" ಎಂದು ಕೇಳಿದರಂತೆ. ಭಾವ ತಬ್ಬಿಬ್ಬಾಗುವ ಆಸಾಮಿಯೇ? "ಇಲ್ಲ, ನಿಮ್ಮ ಮರದ ಎಲೆ ಬಹಳ ಚೆನ್ನಾಗಿದೆ" ಎಂದರಂತೆ. ಮುಂದಿನ ವಾರದಿಂದ ಅಜ್ಜಿ ಎಲೆಯನ್ನೆಲ್ಲ ಚೀಲಕ್ಕೆ ತುಂಬಿ ಇವರ ಬಾಗಿಲಿಗೇ ತಂದಿಡತೊಡಗಿದರು. ಭಾವನಿಗೆ ಬೇಸರ! "ತಾವಾಗೇ ತಂದ್ಕೊಟ್ರೆ ಏನ್ ಮಜಾ ಇದೆ ಕಣಮ್ಮಾ?"

ಈ ಕಾಲದಲ್ಲಿ ಅಕ್ಕನ ಹಿತ್ತಲಿಗೆ ಹೋಗುವುದು ನನಗೂ ಇಷ್ಟ, ಸುಳ್ಳೇಕೆ ಹೇಳಲಿ. ಬಿಸಿಲು ಹದವಾಗಿರುತ್ತದೆ. ಮುದಿಯಾದ ಟೊಮ್ಯಾಟೊ ಗಿಡ ಕಿತ್ತು, ಅದರಲ್ಲಿ ಉಳಿದ ಹಸಿ ಕಾಯಿಗೆ ಚಟ್ನಿಯ ಗತಿ ಕಾಣಿಸಿ, ಅದೇ ಪಾತಿಯಲ್ಲಿ ಬೆಳ್ಳುಳ್ಳಿ ಎಸಳು ಊರಿ, ಮೇಲೆ ಕದ್ದ ಎಲೆ ಹೊದಿಸುತ್ತೇವೆ. ಆಮೇಲೆ ಬಕೆಟ್ಟು ಬೋರಲು ಹಾಕಿ ಕೂತು ಪರ್ಸಿಮನ್ ಹಣ್ಣು ತಿನ್ನುವುದು. ಅಳಿಲು ಕಚ್ಚಿದ್ದು ಅಳಿಲಿಗೆ, ಉಳಿದದ್ದು ನಮಗೆ! ಭಾವ ಇಷ್ಟಕ್ಕೇ ನಿಲ್ಲಿಸಿದ್ದರೆ ಸಭ್ಯ ಗೃಹಸ್ಥ ಎನ್ನಬಹುದಿತ್ತು. ಆದರೆ ಮನೆಯ ಮುಂದೆ ಅವರೆ ಬಳ್ಳಿ ಇದೆಯಲ್ಲ!

ಹಿತ್ತಲಿನ ಅರ್ಧಕ್ಕೆ ಪಕ್ಕದ ಮನೆಯವರ ರೆಡ್‌ವುಡ್ ಮರದ ನೆರಳು. ಅದಕ್ಕೇ ಅವರೆಗೆ ಗ್ಯಾರೇಜಿನ ಮುಂದೆ ಚಪ್ಪರ. ಬೀಜ ಹಾಕಿದ ಮೊದಲ ವರ್ಷ ಬಳ್ಳಿ ಬೇಸಿಗೆಯೆಲ್ಲ ಹಬ್ಬಿತು, ಒಂದೇ ಒಂದು ಹೂ ಬಿಡಲಿಲ್ಲ. ನಾವೆಲ್ಲ ಸೇರಿ "ಗೊಡ್ಡು" ಎಂದು ತೀರ್ಪು ಕೊಟ್ಟು ಸೆಪ್ಟೆಂಬರಿನಲ್ಲಿ ಕಿತ್ತು ಎಸೆದೆವು. ಹಗಲು ಮೊಟಕಾದ ಮೇಲೆಯೇ ಹೂ ಬಿಡುವ ಜಾತಿ ಅದು ಎಂದು ಗೊತ್ತಾದದ್ದು ಆಮೇಲೆ. ಹಾಸನದಲ್ಲಿ ಹುಟ್ಟಿದವರು ನಾವು, ಅವರೆಯ ಬಗ್ಗೆ ನಮಗೆ ಹೇಳಿಕೊಡಬೇಕೇ? ಹೇಳಿಕೊಡಬೇಕಿತ್ತು, ನಮಗೆ ಗೊತ್ತಿದ್ದದ್ದು ತಿನ್ನುವುದೊಂದೇ! ಅಂದೇ ಭಾವ ಶಪಥ ಮಾಡಿದರು: "ಇನ್ಮೇಲೆ ಸೊಗಡು ಬರೋವರೆಗೂ ಈ ಬಳ್ಳೀನ ಯಾರೂ ಮುಟ್ಟಕೂಡ್ದು."

ಇಬ್ಬನಿ ಬಿದ್ದ ಅವರೆಕಾಯಿಯ ಸಿಪ್ಪೆಯಲ್ಲೊಂದು ಜಿಡ್ಡು ಇರುತ್ತದೆ. ಬೆರಳಿಗೆ ಹತ್ತಿದರೆ ಯಾವ ಸೋಪಿಗೂ ಬಗ್ಗದ ವಾಸನೆ ಅದರದು. ಅದೇ ಸೊಗಡು. ಭಾವನ ಹಠಕ್ಕೆ ಕಾರಣವೂ ಇತ್ತು. ಕೆಲವು ವರ್ಷದ ಹಿಂದೆ ಲೋಕಕ್ಕೆಲ್ಲ ಬಂದ ಆ ಹಾಳು ಜ್ವರ ಅಕ್ಕನಿಗೂ ಬಂತು, ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ನಮ್ಮದೆಲ್ಲ ಮರಳಿ ಬಂತು, ಅವಳದು ಬರಲಿಲ್ಲ. ಡಾಕ್ಟರು ಕೈಚೆಲ್ಲಿದರು. ಒಗ್ಗರಣೆ ಸೀದದ್ದು ಹೊಗೆ ಕಂಡ ಮೇಲೆಯೇ ಅವಳಿಗೆ ಗೊತ್ತಾಗುವುದು. "ಕಣ್ಣಿದೆಯಲ್ಲ ಬಿಡೇ" ಎಂದು ಅವಳು ನಗುತ್ತಾಳೆ. ಭಾವ ನಗುವುದಿಲ್ಲ.

"ಕಾಫಿ, ಮಲ್ಲಿಗೆ ಎಲ್ಲಾ ತೋರ್ಸಿ ಆಯ್ತು. ಅವೆಲ್ಲ ಮರ್ಯಾದಸ್ಥ ವಾಸನೆ ಕಣಮ್ಮ, ಬಾಗಿಲು ತಟ್ಟಿ ವಾಪಸ್ ಹೋಗ್ತವೆ. ಸೊಗಡು ಹಾಗಲ್ಲ, ಒದ್ಕೊಂಡು ಒಳಗೆ ಬರತ್ತೆ!"

"ಇಂಡಿಯನ್ ಗ್ರೋಸರಿಯಲ್ಲಿ ಫ್ರೋಜನ್ ಸಿಗತ್ತಲ್ಲ ಭಾವ?" ಎಂದೆ.

"ಫ್ರೋಜನ್ನಾ? ಅದಕ್ಕೇ ನೆಗಡಿ ಆಗಿರತ್ತೆ!"

ಈ ವರ್ಷ ಬಳ್ಳಿ ಮೊಗ್ಗು ಕಚ್ಚುವ ಹೊತ್ತಿಗೆ ಸರಿಯಾಗಿ ಬಡಾವಣೆಯ ಅಸೋಸಿಯೇಷನ್ನಿನ ಮಹಾಶಯರೊಬ್ಬರು ಬಂದರು. ಬೀದಿಯೆಲ್ಲ ಚೊಕ್ಕಟವಾಗಿದೆ, ನಿಮ್ಮದೊಂದೇ ಪೊದೆ. ಗ್ಯಾರೇಜಿನ ಮುಂದೆ ಹಬ್ಬದ ಅಲಂಕಾರ ಬಿಟ್ಟು ಏನೂ ಇರುವಂತಿಲ್ಲ, ಕಿತ್ತುಹಾಕಿ ಎಂದರು. ಭಾವ ಬಹಳ ವಿನಯದಿಂದ ಕೇಳಿದರು: "ಹಬ್ಬದ ಅಲಂಕಾರ ಇರಬಹುದಾ?"

"ಧಾರಾಳವಾಗಿ."

ಅವರು ಚಾಪೆ ಕೆಳಗೆ ತೂರಿದರೆ ನಮ್ಮ ಭಾವ ರಂಗೋಲಿ ಕೆಳಗೆ ತೂರುವವರು. ಮಾರನೆಯ ದಿನ ಬಳ್ಳಿಯಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರ ನೇತಾಡುತ್ತಿತ್ತು! ಹ್ಯಾಲೋವೀನ್ ಎಂಬ ಭೂತದ ಹಬ್ಬ ಮುಗಿದು ಅಸ್ಥಿಪಂಜರ ಇಳಿಯಿತು, ದೀಪಾವಳಿಯ ಆಕಾಶಬುಟ್ಟಿ ಏರಿತು. ಅದರ ಹಿಂದೆಯೇ ಥ್ಯಾಂಕ್ಸ್‌ಗಿವಿಂಗಿಗೆ ರಟ್ಟಿನ ಟರ್ಕಿ ಕೋಳಿ, ಆಮೇಲೆ ಕ್ರಿಸ್‌ಮಸ್ಸಿನ ಬಣ್ಣದ ದೀಪ. ಹಬ್ಬಗಳಿಗೇನು ಬರವೇ ನಮಗೆ? ಮಹಾಶಯರು ಆಗಾಗ ಕಾರು ನಿಧಾನ ಮಾಡಿ ದುರುಗುಟ್ಟುವುದು, ಭಾವ ಕೈಬೀಸುವುದು. ಹೈಸ್ಕೂಲಿಗೆ ಹೋಗುವ ಅವರ ಮಗಳು, "ಅಪ್ಪಾ, ದಿಸ್ ಈಸ್ ಸೋ ಎಂಬರಾಸಿಂಗ್" ಎಂದು ತಲೆಯ ಮೇಲೆ ಹುಡ್ ಎಳೆದುಕೊಂಡು ಮನೆಯೊಳಗೆ ಓಡುವುದು! ಚಳಿ ಜೋರಾದ ರಾತ್ರಿ ಬಳ್ಳಿಗೆ ಹಳೆಯ ಪಂಚೆ ಹೊದಿಸಿ, ಇಬ್ಬನಿ ತಪ್ಪಬಾರದೆಂದು ನಸುಕಿಗೇ ಎದ್ದು ತೆಗೆಯುತ್ತಿದ್ದರು ಭಾವ. ಹೆತ್ತ ಮಗಳಿಗೂ ಇಷ್ಟು ಹೊದಿಸಿ ತೆಗೆದು ಮಾಡಿದ್ದನ್ನು ನಾನು ಕಾಣೆ.

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಅವರ ಫೋನು ಬಂತು. "ಬಂದಿದೆ ಕಣಮ್ಮ, ಬೇಗ ಬಾ!" ನಾನಿರುವ ಪಕ್ಕದೂರು ಕ್ಯಾಂಪ್‌ಬೆಲ್ಲಿನಿಂದ ಮನೆ ಚಪ್ಪಲಿಯಲ್ಲೇ ಕಾರು ಓಡಿಸಿಕೊಂಡು ಹೋದೆ. ಬೀದಿಯ ಮೇಲೆ ಮಂಜಿತ್ತು. ಕಾಯಿ ಮುಟ್ಟಿದೆ; ಬೆರಳಿಗೆ ಜಿಡ್ಡು, ಮೂಗಿಗೆ ಹಾಸನದ ಮಾರ್ಕೆಟ್ಟು! ಎಂಥ ಸೊಗಡು ಅಂತೀರಿ!

ಭಾವ ಅಕ್ಕನನ್ನು ಕೈಹಿಡಿದು ಹೊರಗೆ ಕರೆತಂದರು. ಕಾಯೊಂದನ್ನು ಕಿತ್ತು ಎರಡೂ ಅಂಗೈ ನಡುವೆ ಹೊಸೆದು ಅವಳ ಮೂಗಿನ ಹತ್ತಿರ ಹಿಡಿದರು. ಅಕ್ಕ ಕಣ್ಣು ಮುಚ್ಚಿ ಉಸಿರೆಳೆದಳು.

"ಬಂತಾ?"

"ಇಲ್ಲ ರೀ."

ನನಗೆ ಅಳು ಬಂತು. ಆ ಬಳ್ಳಿಯನ್ನು ನಾನೇ ಕಿತ್ತು ಬಿಸಾಡುವಷ್ಟು ಸಿಟ್ಟೂ ಬಂತು. ಭಾವ ಆಕಾಶ ನೋಡಿದರು. "ಇಬ್ಬನಿ ಸಾಲ್ದು. ಇನ್ನೊಂದಷ್ಟು ಬೀಳ್ಲಿ" ಎಂದರು. ದನಿ ಗಟ್ಟಿಯಾಗಿಯೇ ಇತ್ತು, ಕೈ ಮಾತ್ರ ಕಾಯಿ ಹೊಸೆಯುವುದನ್ನು ನಿಲ್ಲಿಸಿರಲಿಲ್ಲ. ಅಕ್ಕ ಆ ಕೈಯನ್ನು ಹಿಡಿದು ಮತ್ತೆ ಮೂಗಿಗೆ ಒತ್ತಿಕೊಂಡಳು. "ತಡೀರಿ, ಇನ್ನೊಂದ್ಸಲ ನೋಡ್ತೀನಿ" ಎಂದಳು.

ಈಗ ಜನವರಿ. ದೀಪದ ಸರ ಇಳಿದು ಚಪ್ಪರಕ್ಕೆ ಸಂಕ್ರಾಂತಿಯ ಕಬ್ಬು ಬಂದಿದೆ. ಇಷ್ಟು ದಿನ ಬಳ್ಳಿಯ ಗೊಡವೆಗೇ ಹೋಗದಿದ್ದ ಅಕ್ಕ, ಈಗ ಬೆಳಗಾದರೆ ಶಾಲು ಹೊದ್ದು ತಾನೇ ಹೋಗಿ ಒಂದು ಕಾಯಿ ಕಿತ್ತು, ಅಂಗೈಯಲ್ಲಿ ಹೊಸೆದು ಮೂಗಿಗೆ ಹಿಡಿಯುತ್ತಾಳೆ. ಭಾವ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.

"ಇವತ್ತು?"

"ಇಲ್ಲಾ!" ಅಕ್ಕ ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ.

"ಸರಿ ಬಿಡು, ನಾಳೆ!"