ಗಾಯಕನಿಗೆ ತಂದ ಕಂಬಳಿ

ಹಾಲಸ್ವಾಮಿ ದೇವರಲ್ಲಿ ಬಂಗಲೆ ಕೇಳಿದವನಲ್ಲ, ಕಾರು ಕೇಳಿದವನಲ್ಲ. ಬೆಳಗಿನ ಐದರಿಂದ ಆರೂವರೆಯವರೆಗೆ ಒಂದೂವರೆ ಗಂಟೆಯ ನಿದ್ದೆ ಕೇಳಿದ್ದ, ಅಷ್ಟೇ. ಅದೂ ಸಿಗಲಿಲ್ಲವೆಂದರೆ ಮನುಷ್ಯ ಎಲ್ಲಿಗೆ ಹೋಗಬೇಕು, ನೀವೇ ಹೇಳಿ. ಸರಿಯಾಗಿ ಐದಕ್ಕೆ ಅವನ ಹೆಂಡತಿ ಮಮತಾ ಎದ್ದು, ಬಾಗಿಲಿಗೆ ನೀರು ಹಾಕುವ ಮೊದಲು ಸ್ಪೀಕರ್ ಹಾಕುತ್ತಿದ್ದಳು. ಅದರೊಳಗಿಂದ 'ಗುಂಡುಕಲ್ಲು' ಎಂಬ ರಾಕ್ ಬ್ಯಾಂಡಿನ ನಾಲ್ಕು ಜನ ಒಟ್ಟಿಗೆ ಅರಚಲು ಶುರುಮಾಡುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಜೋರಾಗಿ ಅರಚುವವನು ಅಂಜನ್. ಸೊಂಟದವರೆಗೆ ಕೂದಲು, ಮೊಣಕಾಲಿನಲ್ಲಿ ಹರಿದ ಪ್ಯಾಂಟು. ಮಮತಾಳಿಗೆ ಅವನೆಂದರೆ ಪಂಚಪ್ರಾಣ.

ಹಾಲಸ್ವಾಮಿಯಾದರೋ ಹೊಳಲ್ಕೆರೆಯ ಗ್ರಂಥಾಲಯದ ಮೇಲ್ವಿಚಾರಕ. ಯಾರಾದರೂ ಪತ್ರಿಕೆಯ ಹಾಳೆ ಜೋರಾಗಿ ತಿರುಗಿಸಿದರೂ ಕನ್ನಡಕದ ಮೇಲಿಂದ ನೋಡುವ ಆಸಾಮಿ. ಹತ್ತೊಂಬತ್ತು ವರ್ಷ ಅಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ, ಮನೆಯಲ್ಲಿ ಉಪ್ಪು ಕೇಳಬೇಕಾದರೂ ಯಾರದೋ ಗುಟ್ಟು ಹೇಳುವವನಂತೆ ಕೇಳುತ್ತಿದ್ದ.

ಆ ಗುಂಡುಕಲ್ಲು ಈಗ ದುರ್ಗಕ್ಕೇ ಉರುಳಿ ಬರುವುದಿತ್ತು. ಭಾನುವಾರ ಸಂಜೆ ನಾಲ್ಕಕ್ಕೆ, ಕೋಟೆಯ ಕಡೆಗಿನ ಬಯಲಿನಲ್ಲಿ.

"ಇದೊಂದು ಸಲ ಕರ್ಕಂಡು ಹೋಗ್ರಿ," ಎಂದಳು ಮಮತಾ. "ನಮ್ಮಪ್ಪ ಕೊಟ್ಟ ಕಂಬಳಿ ಅಂಜನ್ ಹೆಗಲ ಮ್ಯಾಲೆ ಬಿದ್ರೆ ಸಾಕು. ಆಮೇಲೆ ಮನೇಲಿ ಒಂದೇ ಒಂದು ಹಾಡು ಹಾಕಲ್ಲ. ಮನೆದೇವ್ರಾಣೆ."

ಹಾಲಸ್ವಾಮಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಒಂದೂ ಹಾಕಲ್ವಾ?"

"ಹಾಕಲ್ಲ. ಆದ್ರೆ ಕಂಬಳಿ ಬೀಳ್ಲಿಲ್ಲ ಅಂದ್ರೆ ಇನ್ನೊಂದು ಸ್ಪೀಕರ್ ತಗಂತೀನಿ. ದೊಡ್ಡದು."

ತಾಳ್ಯದಲ್ಲಿದ್ದ ಮಾವ ತಿಮ್ಮರಾಯಪ್ಪ ತಮ್ಮದೇ ಕುರಿಗಳ ಉಣ್ಣೆಯಿಂದ ನೇಯಿಸಿದ ಕರಿ ಕಂಬಳಿ ಅದು. ಯಾರನ್ನೇ ಗೌರವಿಸಲಿ, ಹೆಗಲಿಗೆ ಕಂಬಳಿ ಹಾಕದಿದ್ದರೆ ಅದು ಗೌರವವೇ ಅಲ್ಲ ಎನ್ನುವ ಮನೆತನ. ಶಾಲೆಯ ಇನ್‌ಸ್ಪೆಕ್ಟರಿಗೂ ಹಾಕಿದ್ದರು, ಬೋರ್‌ವೆಲ್‌ನಲ್ಲಿ ನೀರು ಬಂದಾಗ ಲಾರಿ ಡ್ರೈವರಿಗೂ ಹಾಕಿದ್ದರು. ಅಂಜನ್ ಒಬ್ಬ ಬಾಕಿ ಇದ್ದ.

ಈ ಮಾತುಕತೆಯನ್ನೆಲ್ಲ ಕಾಂಪೌಂಡಿನಾಚೆ ನಿಂತು ಕೇಳಿಸಿಕೊಂಡ ಪಕ್ಕದ ಮನೆಯ ದುರುಗಕ್ಕ ಭಾನುವಾರ ಯಾರೂ ಕರೆಯದೆಯೇ ಬಸ್ ಸ್ಟ್ಯಾಂಡಿಗೆ ಹಾಜರಾದಳು. ಬಸ್ಸು ಹೊರಡುವಷ್ಟರಲ್ಲಿ ಕಂಡಕ್ಟರಿಗೂ ಕಂಬಳಿಯ ಕತೆ ಬಾಯಿಪಾಠವಾಗಿತ್ತು.

"ಸ್ವಾಮಣ್ಣ, ಕಿವಿಗೆ ಹತ್ತಿ ತಂದೀರೇನಪ್ಪ?" ಎಂದು ಅವಳು ಮೂರು ಸೀಟು ಆಚೆಯಿಂದ ಕೂಗಿದಳು. ಹಾಲಸ್ವಾಮಿ ಕಿಟಕಿಯ ಕಡೆ ಮುಖ ತಿರುಗಿಸಿದ. ಹತ್ತಿ ಅವನ ಎರಡೂ ಜೇಬಿನಲ್ಲಿತ್ತು.

ಬಯಲಿನ ಗೇಟಿನಲ್ಲೇ ಮೊದಲ ವಿಘ್ನ ಎದುರಾಯಿತು. "ಬ್ಯಾಗು, ಗಂಟು, ಏನೂ ಒಳಗೆ ಬಿಡಂಗಿಲ್ಲ," ಎಂದ ಕಾವಲಿನವನು. "ಮೈಮ್ಯಾಲೆ ಇರೋ ಬಟ್ಟೆ ಮಾತ್ರ."

ಮಮತಾ ಒಂದು ಕ್ಷಣವೂ ಯೋಚಿಸಲಿಲ್ಲ. ಚೀಲದಿಂದ ಕಂಬಳಿ ತೆಗೆದು ಗಂಡನ ಹೆಗಲಿಗೆ ಹೊದಿಸಿಯೇಬಿಟ್ಟಳು. ಏಪ್ರಿಲ್ ತಿಂಗಳು. ದುರ್ಗದ ಬಂಡೆಗಳು ಬೆಳಗಿನಿಂದ ಕುಡಿದ ಬಿಸಿಲನ್ನೆಲ್ಲ ಆ ಹೊತ್ತಿಗೆ ಸರಿಯಾಗಿ ಹೊರಕ್ಕೆ ಬಿಡುತ್ತವೆ. ಹಾಲಸ್ವಾಮಿಯ ಬೆನ್ನಿನಲ್ಲಿ ಬೆವರು ಇಳಿಯತೊಡಗಿತು, ಉಣ್ಣೆ ಕುತ್ತಿಗೆಗೆ ಚುಚ್ಚತೊಡಗಿತು.

"ಲೇ, ಬೆಂದು ಹೋಗ್ತೀನಿ ಕಣೇ," ಎಂದು ಪಿಸುಗುಟ್ಟಿದ.

"ಹುಡುಗ್ರೆಲ್ಲ ಕರೀದೇ ಹಾಕ್ಕಂಡವ್ರೆ. ನೀವೂ ಒಪ್ತೀರಿ ಬಿಡ್ರಿ," ಎಂದಳು ದುರುಗಕ್ಕ.

ಒಳಗೆ ಸಾವಿರಾರು ಜನ. ವೇದಿಕೆಗೂ ಜನರಿಗೂ ನಡುವೆ ಎರಡಾಳೆತ್ತರದ ಕಬ್ಬಿಣದ ಬೇಲಿ. ಅದನ್ನು ನೋಡಿ ಮಮತಾಳ ಮುಖ ಬಾಡಿತು. ಹಾಲಸ್ವಾಮಿಯ ಕಣ್ಣ ಮುಂದೆ ದೊಡ್ಡ ಸ್ಪೀಕರ್ ಬಂದು ನಿಂತಿತು. ಅಷ್ಟರಲ್ಲಿ ಎದೆಯ ಮೇಲೆ ಬಣ್ಣದ ಬ್ಯಾಡ್ಜು ಸಿಕ್ಕಿಸಿಕೊಂಡ ಒಬ್ಬ ಮನುಷ್ಯ ಜನರನ್ನು ಸೀಳಿಕೊಂಡು ಅವನ ಕಡೆಗೇ ಓಡಿಬಂದ. ಅವನು ಕಾರ್ಯಕ್ರಮ ಸಮಿತಿಯ ಕಾರ್ಯದರ್ಶಿ ಚಿತ್ತಯ್ಯ.

ನಮ್ಮ ಕಡೆ ಒಂದು ಪದ್ಧತಿ ಇದೆ. ರಾಕ್ ಬರಲಿ, ಇನ್ನೊಂದು ಬರಲಿ, ಸ್ವಾಗತ, ದೀಪ, ಸ್ಥಳೀಯ ಹಿರಿಯ ಕಲಾವಿದರಿಗೆ ಸನ್ಮಾನ, ಇಷ್ಟು ಆಗದೆ ಯಾವ ಕಾರ್ಯಕ್ರಮವೂ ಶುರುವಾಗಕೂಡದು. ಅವತ್ತು ಸನ್ಮಾನವಾಗಬೇಕಿದ್ದುದು ಒಬ್ಬ ಡೊಳ್ಳಿನ ಮೇಷ್ಟ್ರಿಗೆ. ಅವರ ಮುಖ ಚಿತ್ತಯ್ಯ ನೋಡಿರಲಿಲ್ಲ, ಡೊಳ್ಳಿನವರ ಹೆಗಲ ಮೇಲೆ ಕಂಬಳಿ ಇರುತ್ತದೆ ಎಂದಷ್ಟೇ ಗೊತ್ತಿತ್ತು. ಇಡೀ ಬಯಲಿನಲ್ಲಿ ಹೆಗಲ ಮೇಲೆ ಕಂಬಳಿ ಇದ್ದವನು ಒಬ್ಬನೇ.

"ಸಿಕ್ಕಿದ್ರಾ ಗುರುಗಳೆ! ಒಂದು ತಾಸಿಂದ ಹುಡುಕ್ತಾ ಇದೀವಿ. ಬರ್ರಿ, ಬರ್ರಿ!"

"ನಾನು ಕಲಾವಿದ ಅಲ್ಲ ಸ್ವಾಮಿ. ಲೈಬ್ರರಿಯೋನು," ಎಂದ ಹಾಲಸ್ವಾಮಿ.

"ಅಬ್ಬಬ್ಬಾ, ಏನ್ ವಿನಯ! ದೊಡ್ಡೋರು ಯಾವಾಗ್ಲೂ ಹಿಂಗೇ ಅಂತಾರೆ," ಎಂದು ಚಿತ್ತಯ್ಯ ಅವನ ರಟ್ಟೆ ಹಿಡಿದ.

ಇನ್ನೊಂದು ರಟ್ಟೆಯನ್ನು ಮಮತಾ ಚಿವುಟಿದಳು. "ಹೋಗ್ರಿ ಸುಮ್ನೆ! ಅಂಜನ್ ಇರೋದೇ ಅಲ್ಲಿ. ಕಂಬಳಿ ಹೊದ್ಸಿ ಇಳಿದು ಬರ್ರಿ."

ಹಾಲಸ್ವಾಮಿ ಯೋಚಿಸಿದ. ಐದು ನಿಮಿಷದ ಸುಳ್ಳು, ಬದುಕಿರುವವರೆಗೆ ನಿದ್ದೆ. ಹೋದ.

ವೇದಿಕೆಯ ಮೇಲೆ ಅವನನ್ನು ಟರ್ಕಿ ಟವೆಲ್ ಹೊದಿಸಿದ ಕುರ್ಚಿಯಲ್ಲಿ ಕೂರಿಸಿದರು. ಪಕ್ಕದಲ್ಲೇ ಗ್ರಂಥಾಲಯದ ಬೀರುವಿನಷ್ಟು ಎತ್ತರದ ಸ್ಪೀಕರ್. ದೀಪ ಗಾಳಿಗೆ ಐದು ಸಲ ಆರಿತು, ಐದು ಸಲ ಹಚ್ಚಿದರು. ಆಮೇಲೆ ಸಾಕ್ಷಾತ್ ಅಂಜನ್ ಬಂದವನೇ ಬಗ್ಗಿ ಹಾಲಸ್ವಾಮಿಯ ಕಾಲು ಮುಟ್ಟಿದ. ಇದೇ ಸಮಯವೆಂದು ಹಾಲಸ್ವಾಮಿ ಎದ್ದು ಕಂಬಳಿಗೆ ಕೈ ಹಾಕಿದ.

"ಏ ಏ ಏ! ತೆಗೀಬಾರ್ದು ಗುರುಗಳೆ!" ಚಿತ್ತಯ್ಯ ಹಾರಿ ಬಂದು ಕೈ ಹಿಡಿದ. "ಅದು ನಿಮ್ಮ ಗೌರವ!"

ಆ ಗೌರವದ ಮೇಲೆ ಒಂದು ಶಾಲು ಬಿತ್ತು. ತಲೆಗೆ ಮೈಸೂರು ಪೇಟ ಬಂತು. ಮೊಣಕಾಲಿನವರೆಗಿನ ಚೆಂಡುಹೂವಿನ ಹಾರ ಬಂತು. ಶಾಮಿಯಾನದ ದಾನಿಗಳು ಒಂದು ಹಾರ, ನೀರಿನ ದಾನಿಗಳು ಒಂದು ಹಾರ, ದಾನ ಮಾಡದವರೂ ಒಂದು ಹಾರ ಹಾಕಿದರು. ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಕಂಬಳಿ ಎಲ್ಲಿದೆ ಎಂದು ಹುಡುಕಬೇಕಾದರೆ ಈಗ ಬಾವಿಗೆ ಇಳಿದಂತೆ ಇಳಿಯಬೇಕಿತ್ತು.

"ಸ್ವಾಮಣ್ಣಾ! ಕಂಬಳಿ ತಳಕ್ಕೋತು!" ಎಂದು ಬೇಲಿಯಾಚೆಯಿಂದ ದುರುಗಕ್ಕ ಕಿರುಚಿದಳು.

ಹಾಲಸ್ವಾಮಿ ಕೊನೆಯ ಪ್ರಯತ್ನ ಮಾಡಿದ. ಅಂಜನ್‌ನ ಕಿವಿಯ ಹತ್ತಿರ ಬಾಗಿ, "ಅಪ್ಪಾ, ನಿನಗೊಂದು ಕಂಬಳಿ ತಂದಿದೀನಿ, ಇದನ್ನೆಲ್ಲ ಸ್ವಲ್ಪ ತೆಗೆಸು," ಎಂದು ತನ್ನ ಗ್ರಂಥಾಲಯದ ದನಿಯಲ್ಲಿ ಹೇಳಿದ. ಅಂಜನ್ ಅದು ಯಾವುದೋ ಮಂತ್ರೋಪದೇಶವೆಂದು ತಿಳಿದು, ಕಣ್ಣು ಮುಚ್ಚಿ ಕೈಮುಗಿದು, ನೆಟ್ಟಗೆ ಮೈಕಿನ ಹತ್ತಿರ ಹೋದ. ಡ್ರಮ್ಮಿನವನು ಕೋಲು ಎತ್ತಿದ.

ಒಂದೇ ಏಟು. ಬೀರುವಿನಂಥ ಸ್ಪೀಕರ್ ಬಾಯಿ ಬಿಟ್ಟಿತು. ಹಾಲಸ್ವಾಮಿಯ ಪಕ್ಕೆಲುಬುಗಳು ಒಂದೊಂದಾಗಿ ನಡುಗಿದವು. ಅದೇ ಹೊತ್ತಿಗೆ, ಬೆಳಗಿನಿಂದ ಬಾಳೆಹಣ್ಣಿನ ಬುಟ್ಟಿಯ ಪಕ್ಕ ನೆಲದ ಮೇಲೆ ಬಿದ್ದಿದ್ದು ಈಗ ಅವನ ಕೊರಳಿಗೇರಿದ್ದ ಹಾರಗಳೊಳಗಿನ ಕೆಂಪಿರುವೆಗಳಿಗೂ ಎಚ್ಚರವಾಯಿತು. ಅವು ಗಾಬರಿಯಾಗಿ ಕತ್ತಲಿರುವ ಜಾಗ ಹುಡುಕಿಕೊಂಡು ಹೊರಟವು. ಕತ್ತಲಿದ್ದುದು ಕಂಬಳಿಯ ಒಳಗೆ.

ಆಗ ಹಾಲಸ್ವಾಮಿ ಕಿರುಚಿದ. ಹತ್ತೊಂಬತ್ತು ವರ್ಷ ಒಳಗೇ ಅದುಮಿಟ್ಟಿದ್ದ ದನಿಯೆಲ್ಲ ಒಮ್ಮೆಗೇ ಹೊರಗೆ ಬಂತು. ಗಿಟಾರು ಕೇಳಿಸಲಿಲ್ಲ, ಡ್ರಮ್ಮು ಕೇಳಿಸಲಿಲ್ಲ. ಕಾಗೆಗಳು ಎದ್ದು ಕೋಟೆಯ ಕಡೆ ಹಾರಿದವು. ಅವನು ಕುಣಿದ, ನೆಗೆದ, ಬೆನ್ನನ್ನು ಸ್ಪೀಕರಿಗೆ ಉಜ್ಜಿದ. ಪೇಟ ಹಾರಿ ಡ್ರಮ್ಮಿನ ಮೇಲೆ ಬಿತ್ತು, ಹಾರಗಳು ಗಿಟಾರಿನವನ ಕೊರಳಿಗೆ ಬಿದ್ದವು, ಶಾಲು ಚಿತ್ತಯ್ಯನ ಮುಖ ಮುಚ್ಚಿತು. ಕೊನೆಗೆ ಕಂಬಳಿಯನ್ನು ಎರಡೂ ಕೈಯಲ್ಲಿ ಕಿತ್ತು ಬೀಸಿ ಒಗೆದ. ಅದು ಗಾಳಿಯಲ್ಲಿ ಬಿಚ್ಚಿಕೊಂಡು, ಹೋಗಿ ಅಂಜನ್‌ನ ಹೆಗಲ ಮೇಲೆ ಅಳತೆ ತೆಗೆದು ಹೊದಿಸಿದ ಹಾಗೆ ಕೂತಿತು.

ಬಯಲಿಗೆ ಬಯಲೇ ಎದ್ದು ನಿಂತಿತು. ಆಮೇಲೆ ಎದ್ದ ಶಿಳ್ಳೆ ಹೊಳಲ್ಕೆರೆಗೂ ಕೇಳಿಸಿರಬೇಕು. "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಜನ ಹುಚ್ಚೆದ್ದು ಕೂಗಿದರು. ಇರುವೆಗಳು ಇನ್ನೂ ಒಳಗೇ ಇದ್ದುದರಿಂದ ಹಾಲಸ್ವಾಮಿ ಇನ್ನೂ ನಾಲ್ಕು ಸಲ ಅವರ ಆಸೆ ಪೂರೈಸಿದ.

ಕಾರ್ಯಕ್ರಮ ಮುಗಿಯುವಷ್ಟರಲ್ಲಿ ನಿಜವಾದ ಡೊಳ್ಳಿನ ಮೇಷ್ಟ್ರು ಸಿಕ್ಕರು. ಜೀನ್ಸು, ಟೀ ಶರ್ಟು ಹಾಕಿಕೊಂಡು ಹತ್ತನೇ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆಯುತ್ತಿದ್ದವರು ಅವರೇ. ಚಿತ್ತಯ್ಯ ಹಲ್ಲು ಕಡಿಯುತ್ತ ಪೇಟ, ಶಾಲು, ಬುಟ್ಟಿ ಎಲ್ಲವನ್ನೂ ವಾಪಸು ಪಡೆದ. ಹಾಲಸ್ವಾಮಿ ಸಂತೋಷದಿಂದ ಕೊಟ್ಟು, ವೇದಿಕೆಯ ಹಿಂದಿನ ಮೆಟ್ಟಿಲ ಮೇಲೆ ಕೂತ. ಗಂಟಲು ಪೂರ್ತಿ ಬಿದ್ದುಹೋಗಿತ್ತು, ಪಿಸುಮಾತು ಕೂಡ ಹೊರಡುತ್ತಿರಲಿಲ್ಲ. ಹಾಳಾಗಿ ಹೋಗಲಿ, ನಾಳೆಯಿಂದ ನಿದ್ದೆಯಿದೆಯಲ್ಲ!

ಮಮತಾ ಕಣ್ಣೊರೆಸಿಕೊಳ್ಳುತ್ತ ಬಂದಳು. ಹಿಂದೆ ದುರುಗಕ್ಕ. ಹಾಲಸ್ವಾಮಿ ತನ್ನ ಹೆಗಲು ಮುಟ್ಟಿ, ಹುಬ್ಬು ಕುಣಿಸಿ, ಆಣೆಯನ್ನು ನೆನಪಿಸಿದ.

"ಬಿತ್ತು ರೀ. ಎಷ್ಟು ಚೆಂದಾಗಿ ಬಿತ್ತು!" ಎಂದಳು ಮಮತಾ. "ನಾನು ಮಾತಿಗೆ ತಪ್ಪೋಳಲ್ಲ. ನೋಡ್ರಿ." ಅವನ ಕಣ್ಣೆದುರೇ ಮೊಬೈಲಿನಲ್ಲಿದ್ದ ಗುಂಡುಕಲ್ಲಿನ ಹಾಡುಗಳನ್ನೆಲ್ಲ ಅಳಿಸಿಹಾಕಿದಳು. ಒಂದೂ ಉಳಿಯಲಿಲ್ಲ. ಹಾಲಸ್ವಾಮಿಗೆ ಹೆಂಡತಿಯ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿಬಂತು.

ಆಗ ಅಂಜನ್ ಕಂಬಳಿ ಹೊದ್ದುಕೊಂಡೇ ಓಡಿಬಂದ. "ಗುರುಗಳೇ, ನೀವು ಯಾರಾದರೂ ಆಗಿರಿ, ನನಗದು ಮುಖ್ಯ ಅಲ್ಲ. ಇಂಥ ಗಂಟಲು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಬರೋ ಭಾನುವಾರ ಹೊಸದುರ್ಗ, ಆಮೇಲೆ ಹಿರಿಯೂರು. ನೀವಿಲ್ಲದೆ ಇನ್ನು ನಮ್ಮ ಬ್ಯಾಂಡ್ ಇಲ್ಲ. ಒಪ್ಪಿಗೆ ತಾನೇ?"

ಹಾಲಸ್ವಾಮಿ 'ಆಗಲ್ಲ' ಎನ್ನಲು ಬಾಯಿ ತೆರೆದ. ಗಾಳಿ ಮಾತ್ರ ಬಂತು. ಕೈ ಆಡಿಸಿದ. ಅದನ್ನು ಅಂಜನ್ ಆಶೀರ್ವಾದವೆಂದು ಸ್ವೀಕರಿಸಿದ.

"ಒಪ್ಪಿದಾರೆ ಸಾರ್!" ಎಂದಳು ಮಮತಾ.

ಅಂಜನ್ ಅವಳ ಕಿವಿಯಲ್ಲಿ ಏನೋ ಹೇಳಿ, ಹಾಲಸ್ವಾಮಿಗೆ ನಮಸ್ಕರಿಸಿ ಹೋದ. ಮಮತಾ ಗಂಡನ ಪಕ್ಕ ಮೆಟ್ಟಿಲ ಮೇಲೆ ಕೂತು, ಅವನ ಕುತ್ತಿಗೆಯ ಮೇಲಿದ್ದ ಕೊನೆಯ ಇರುವೆಯನ್ನು ಮೆಲ್ಲಗೆ ತೆಗೆದಳು.

"ಮನೇಲಿ ನಾನು ಒಂದು ಹಾಡೂ ಹಾಕಲ್ಲ ಕಣ್ರೀ, ಆಣೆ ಅಂದ್ರೆ ಆಣೆ," ಎಂದಳು. "ಆದ್ರೆ ಗಂಟಲು ಹದಕ್ಕೆ ಬರ್ಬೇಕಂದ್ರೆ ನೀವು ದಿನಾ ಬೆಳಗಿನ ಜಾವ ಸಾಧನೆ ಮಾಡ್ಬೇಕಂತೆ. ಐದಕ್ಕೆ ಎದ್ದು, ಒಂದೂವರೆ ಗಂಟೆ, ಇವತ್ತು ಕಿರುಚಿದ್ರಲ್ಲ, ಹಂಗೇ. ಎಬ್ಸೋದು ನಂಗೆ ಬಿಡ್ರಿ."